ವೀಸಾ ದೇವರ ಊರು ಚಿಲ್ಕೂರು

ಮನುಷ್ಯನ ಆಸೆಗಳು ಎಷ್ಟು ಬಗೆಯವೋ, ಅವನು ದೇವರ ಮುಂದೆ ಇಡುವ ಬೇಡಿಕೆಗಳೂ ಅಷ್ಟೇ ಬಗೆಯವು. ಮಕ್ಕಳಿಲ್ಲದವರು ಸಂತಾನವನ್ನು ಬೇಡುತ್ತಾರೆ. ಬೇಸಾಯಗಾರನು ಮಳೆಯನ್ನು ಬೇಡುತ್ತಾನೆ. ಕೋರ್ಟಿನ ಮೆಟ್ಟಿಲು ಹತ್ತಿದವನು ವ್ಯಾಜ್ಯದಲ್ಲಿ ಜಯವನ್ನು ಬೇಡುತ್ತಾನೆ. ಇವೆಲ್ಲ ಹಳೆಯ ಬೇಡಿಕೆಗಳು. ಆದರೆ ಪಾಸ್‌ಪೋರ್ಟಿನ ಒಂದು ಪುಟದ ಮೇಲೆ ಪರದೇಶದ ಸರಕಾರ ಅಂಟಿಸಿಕೊಡುವ ಅಂಗೈಯಗಲದ ಚೀಟಿಯೊಂದನ್ನು ಬೇಡಿ, ಸಾವಿರಾರು ಜನ ಬರಿಗಾಲಿನಲ್ಲಿ ಗುಡಿ ಸುತ್ತುವ ಊರೂ ನಮ್ಮ ದೇಶದಲ್ಲಿ ಉಂಟು. ಅದೇ ತೆಲಂಗಾಣದ ಚಿಲ್ಕೂರು. ಅಲ್ಲಿಯ ಬಾಲಾಜಿಗೆ ಜನ ಪ್ರೀತಿಯಿಂದ ಇಟ್ಟ ಹೆಸರು ‘ವೀಸಾ ಬಾಲಾಜಿ’.

ಹೈದರಾಬಾದು ನಗರದ ಪಶ್ಚಿಮಕ್ಕೆ ಸುಮಾರು ೨೫ ಕಿಲೋಮೀಟರು ದೂರದಲ್ಲಿ, ಗಂಡಿಪೇಟೆ ಜಲಾಶಯದ ಮಗ್ಗುಲಲ್ಲಿ ಈ ಗ್ರಾಮವಿದೆ. ಕಲಬುರಗಿಯ ಕಡೆಯಿಂದ ಸೇಡಂ, ಕೊಡಂಗಲ್, ಚೇವೆಳ್ಳ ಮಾರ್ಗವಾಗಿ ಹೊರಟವರಿಗೆ ಹೈದರಾಬಾದು ಮುಟ್ಟುವ ಮುನ್ನವೇ ಚಿಲ್ಕೂರಿನ ದಾರಿ ಸಿಕ್ಕುತ್ತದೆ. ಚೇವೆಳ್ಳದ ಈ ರಸ್ತೆಗೆ ಅದರ ಇಕ್ಕೆಲದ ಆಲದ ಮರಗಳಿಂದಲೇ ಹೆಸರು ಬಂದಿತು. ಊರಿನ ಸಮೀಪದಲ್ಲಿ ಮೃಗವನಿ ಎಂಬ ರಾಷ್ಟ್ರೀಯ ಉದ್ಯಾನವಿದ್ದು, ಅಲ್ಲಿ ಜಿಂಕೆಗಳಿವೆ. ನಗರದ ಗದ್ದಲದಿಂದ ಬಂದವರಿಗೆ ಈ ನೀರು, ಈ ನೆರಳು ಎರಡೂ ಹಿತವಾಗಿ ತೋರುತ್ತವೆ.

ಆ ನೀರಿಗೂ ಕನ್ನಡ ನಾಡಿಗೂ ಒಂದು ನಂಟಿದೆ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹರಿದು ಹೈದರಾಬಾದಿನಲ್ಲಿ ಸಹಸ್ರಾರು ಜನರ ಪ್ರಾಣಹಾನಿಯಾಯಿತು. ಮತ್ತೆ ಅಂತಹ ವಿಪತ್ತು ಒದಗದಂತೆ ಉಪಾಯ ಹೇಳಲು ನಿಜಾಮ ಸರಕಾರ ಕರೆಸಿಕೊಂಡದ್ದು ಮೈಸೂರಿನ ವಿಶ್ವೇಶ್ವರಯ್ಯನವರನ್ನು. ೧೯೦೯ರಲ್ಲಿ ಅವರು ಬಂದು ಅಭ್ಯಾಸ ಮಾಡಿ, ನಗರದ ಮೇಲುಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೆರೆಯ ನೀರನ್ನು ತಡೆಹಿಡಿಯಬೇಕೆಂದು ಸಲಹೆಯಿತ್ತರು. ಅದರ ಫಲವಾಗಿ ೧೯೨೦ರಲ್ಲಿ ಪೂರ್ಣಗೊಂಡದ್ದೇ ಏಳನೆಯ ನಿಜಾಮರ ಹೆಸರಿನ ಉಸ್ಮಾನ್ ಸಾಗರ. ಜನರ ಬಾಯಲ್ಲಿ ಗಂಡಿಪೇಟೆ. ದೇವಾಲಯಕ್ಕೆ ಬಂದು ಹೋಗುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿದೆಯೋ!

ಹನ್ನೊಂದು ಮತ್ತು ನೂರೆಂಟು

ದೇವಾಲಯ ದೊಡ್ಡದೇನೂ ಅಲ್ಲ. ಆಕಾಶ ಮುಟ್ಟುವ ಗೋಪುರವಿಲ್ಲ, ಸಾವಿರ ಕಂಬದ ಮಂಟಪವಿಲ್ಲ. ಆದರೆ ಬೇರೆಡೆ ಕಾಣದ ಕೆಲವು ವಿಶೇಷಗಳಿವೆ. ಇಲ್ಲಿ ಹುಂಡಿಯಿಲ್ಲ, ದೇವರಿಗೆ ಹಣ ಸಲ್ಲಿಸಬೇಕಾಗಿಲ್ಲ. ವಿಶೇಷ ದರ್ಶನದ ಟಿಕೀಟಿಲ್ಲ. ಗಣ್ಯರಿಗೊಂದು ಸಾಲು, ಸಾಮಾನ್ಯರಿಗೊಂದು ಸಾಲು ಎಂಬ ಭೇದವೂ ಇಲ್ಲ. ಮೋಟಾರಿನಲ್ಲಿ ಬಂದ ಧನಿಕನೂ ಸಿಟಿ ಬಸ್ಸಿನಲ್ಲಿ ಬಂದ ವಿದ್ಯಾರ್ಥಿಯೂ ಒಂದೇ ಅಂಗಳದಲ್ಲಿ, ಒಂದೇ ವೇಗದಲ್ಲಿ ಸುತ್ತಬೇಕು.

ಹರಕೆಯ ಕ್ರಮವೂ ಸರಳ. ಇಷ್ಟಾರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲು ೧೧ ಪ್ರದಕ್ಷಿಣೆ ಹಾಕಬೇಕು. ಬೇಡಿದ್ದು ಕೈಗೂಡಿದ ಮೇಲೆ ಮತ್ತೆ ಬಂದು ೧೦೮ ಪ್ರದಕ್ಷಿಣೆ ಸಲ್ಲಿಸಬೇಕು. ಎಣಿಕೆ ತಪ್ಪಬಾರದೆಂದು ಒಂದರಿಂದ ೧೦೮ರವರೆಗೆ ಅಂಕಿ ಮುದ್ರಿಸಿದ ಚೀಟಿಯುಂಟು. ಒಂದೊಂದು ಸುತ್ತು ಮುಗಿದಂತೆ ಒಂದೊಂದು ಅಂಕಿಯ ಮೇಲೆ ಗೆರೆ ಎಳೆಯುತ್ತ ಜನ ಸಾಗುತ್ತಾರೆ. ಕೈಯಲ್ಲಿ ಚೀಟಿ, ಬೆರಳ ಸಂದಿಯಲ್ಲಿ ಪೆನ್ಸಿಲು, ತುಟಿಯಲ್ಲಿ ಗೋವಿಂದ ನಾಮ. ಶನಿವಾರ, ಭಾನುವಾರಗಳಲ್ಲಿ ಅಂಗಳ ತಿರುಗುವ ಗಾಣದಂತೆ ಕಾಣುತ್ತದೆ. ನಿಂತೆನೆಂದರೂ ಹಿಂದಿನವರು ನಿಲ್ಲಗೊಡುವುದಿಲ್ಲ.

ಅಮೆರಿಕದ ಕಂಪ್ಯೂಟರ್ ಉದ್ಯೋಗಗಳಿಗೆ ಹೈದರಾಬಾದಿನ ಇಂಜಿನಿಯರುಗಳು ತಂಡತಂಡವಾಗಿ ಹೊರಟ ೧೯೯೦ರ ದಶಕದಿಂದ ಈಚೆಗೆ ಈ ದೇವರಿಗೆ ವೀಸಾ ಹೆಸರು ಅಂಟಿಕೊಂಡಿತು. ಇಂತಹ ನಂಬಿಕೆ ಚಿಲ್ಕೂರಿನದು ಮಾತ್ರವಲ್ಲ. ಪಂಜಾಬಿನ ಜಲಂಧರದ ಬಳಿ ತಲ್ಹಣ ಎಂಬ ಊರಿನ ಗುರುದ್ವಾರದಲ್ಲಿ ಪರದೇಶ ಪ್ರಯಾಣದ ಹರಕೆಗೆ ಆಟಿಗೆಯ ವಿಮಾನಗಳನ್ನು ಒಪ್ಪಿಸುವ ರೂಢಿ ಬೆಳೆಯಿತು. ಚೆನ್ನೈಯ ವಿಮಾನ ನಿಲ್ದಾಣದ ಸಮೀಪದಲ್ಲಿ ವೀಸಾ ಗಣಪತಿಯೂ ಇದ್ದಾನೆ. ಎಲ್ಲಿ ಬಾಗಿಲು ಬಿಗಿಯಾಗುತ್ತದೆಯೋ ಅಲ್ಲಿ ಅದನ್ನು ತೆರೆಯುವ ದೇವರೂ ಹುಟ್ಟುತ್ತಾನೆ.

ಪ್ರಯಾಣ ನಿಂತವನ ಕಥೆ

ಚಿಲ್ಕೂರಿನ ಸ್ಥಳಪುರಾಣವನ್ನು ಕೇಳಿದವರು ಒಂದು ಕ್ಷಣ ಯೋಚನೆಗೆ ಬೀಳುತ್ತಾರೆ. ಐನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಒಬ್ಬ ಭಕ್ತನಿದ್ದನಂತೆ. ಪ್ರತಿ ವರ್ಷವೂ ತಪ್ಪದೆ ತಿರುಪತಿಗೆ ಹೋಗಿ ಬರುವುದು ಅವನ ನೇಮ. ಒಂದು ವರ್ಷ ಕಾಯಿಲೆ ಬಿದ್ದು ಹೊರಡಲಾರದೆ ಹೋದನು. ದುಃಖದಿಂದ ಮಲಗಿದವನ ಕನಸಿನಲ್ಲಿ ವೆಂಕಟೇಶ್ವರನು ಕಾಣಿಸಿಕೊಂಡು, ‘ನಾನು ನಿನ್ನ ಹತ್ತಿರದ ಕಾಡಿನಲ್ಲೇ ಇದ್ದೇನೆ, ಕೊರಗಬೇಡ’ ಎಂದನಂತೆ. ಭಕ್ತನು ಆ ಸ್ಥಳವನ್ನು ಹುಡುಕಿ ಮಣ್ಣಿನ ದಿಬ್ಬವನ್ನು ಅಗೆಯುವಾಗ ಕೊಡಲಿ ವಿಗ್ರಹಕ್ಕೆ ತಗುಲಿ ನೆತ್ತರು ಹರಿಯಿತು. ದಿಬ್ಬಕ್ಕೆ ಆಕಳ ಹಾಲು ಸುರಿಯೆಂದು ಅಶರೀರವಾಣಿಯಾಯಿತು. ಹಾಗೆ ಮಾಡಲು ಶ್ರೀದೇವಿ ಭೂದೇವಿಯರೊಡನೆ ಬಾಲಾಜಿಯ ಮೂರ್ತಿ ಪ್ರಕಟವಾಯಿತು.

ಪ್ರಯಾಣಕ್ಕೆ ಹೊರಟು ತಡೆದು ನಿಂತವನಿಗೆ ಒಲಿದ ದೇವರು ಈತ! ಹೋಗಲಾರದವನ ಬಳಿಗೆ ತಾನೇ ಬಂದವನು. ಆ ಭಕ್ತನ ಊರಿಗೆ ಇಂದು ಬರುವವರಲ್ಲಿಯೂ ತಡೆದು ನಿಂತವರು ಕಡಮೆಯೇನಿಲ್ಲ. ಮೊದಲ ಸಲದ ಅರ್ಜಿಗೆ ಬರುವವರ ಮುಖದಲ್ಲಿ ಉತ್ಸಾಹವಿರುತ್ತದೆ. ಒಮ್ಮೆ ‘ಇಲ್ಲ’ ಎನಿಸಿಕೊಂಡು ಎರಡನೆಯ ಸಲಕ್ಕೆ ಬರುವವರ ನಡಿಗೆಯೇ ಬೇರೆ. ಆಗಸ್ಟಿನಲ್ಲಿ ಕಾಲೇಜು ತೆರೆಯುವ ವೇಳೆಗೆ ಹೋಗಿ ಸೇರಬೇಕಾಗಿದ್ದ ವಿದ್ಯಾರ್ಥಿ. ಮಗಳ ಬಾಣಂತನಕ್ಕೆಂದು ಹೊರಟು, ಮೊಮ್ಮಗುವಿನ ಮುಖವನ್ನು ದೂರವಾಣಿಯ ತೆರೆಯ ಮೇಲೆ ನೋಡಿ ಸಮಾಧಾನಪಟ್ಟುಕೊಂಡ ತಾಯಿ. ಬ್ಯಾಂಕಿನಲ್ಲಿ ಸಾಲ ಮಂಜೂರಾಗಿಯೂ ಮಗನನ್ನು ವಿಮಾನ ಹತ್ತಿಸಲಾರದ ತಂದೆ. ಇಂತಹವರ ಮನೆಗಳಲ್ಲಿ ನೆಂಟರ ಪ್ರಶ್ನೆಯೊಂದು ಮುಳ್ಳಿನಂತೆ ಚುಚ್ಚುತ್ತಿರುತ್ತದೆ: ‘ಯಾಕೆ ಕೊಡಲಿಲ್ಲವಂತೆ?’

ಇನ್ನೊಂದು ಬಾಗಿಲು

ಅದಕ್ಕೆ ಉತ್ತರವಿರುವುದು ಚಿಲ್ಕೂರಿನಿಂದ ಇಪ್ಪತ್ತು ಕಿಲೋಮೀಟರಿಗೆ ಮೀರದ ನಾನಕ್‌ರಾಮ್‌ಗುಡದಲ್ಲಿ. ಹಿಂದೆ ಬಂಡೆಗಳ ಬಯಲಾಗಿದ್ದ ಆ ಪ್ರದೇಶದಲ್ಲಿ ಇಂದು ಗಾಜಿನ ಮಹಲುಗಳು ಎದ್ದಿವೆ. ಅವುಗಳ ನಡುವೆ ಅಮೆರಿಕದ ಕಾನ್ಸುಲೇಟ್ ಕಚೇರಿ. ೨೦೦೮ರಲ್ಲಿ ಆ ದೇಶ ಹೈದರಾಬಾದಿನಲ್ಲಿ ಕಚೇರಿ ತೆರೆದಾಗ ಅದು ಬೇಗಂಪೇಟೆಯ ಪೈಗಾ ಅರಮನೆಯಲ್ಲಿತ್ತು. ೨೦೨೩ರ ಮಾರ್ಚಿನಲ್ಲಿ ೩೪ ಕೋಟಿ ಡಾಲರು ವೆಚ್ಚದ ಹೊಸ ಕಟ್ಟಡಕ್ಕೆ ಬಂದಿತು. ಅದಕ್ಕೂ ಮೊದಲಿನ ದಿನಗಳಲ್ಲಿ ಚಿಲ್ಕೂರಿನಲ್ಲಿ ಹನ್ನೊಂದು ಸುತ್ತು ಹಾಕಿದವರು ರಾತ್ರಿಯ ರೈಲು ಹಿಡಿದು ಚೆನ್ನೈಯ ಜೆಮಿನಿ ವೃತ್ತದ ಬಳಿಯ ಕಚೇರಿಗೆ ಹೋಗಬೇಕಾಗಿತ್ತು. ಕರ್ನಾಟಕದವರ ಪಾಲಿಗೂ ಬಹುಕಾಲ ಆ ಚೆನ್ನೈಯೇ ಗತಿ. ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದದ್ದು ೨೦೨೫ರ ಜನವರಿಯಲ್ಲಿ. ಆಗ ಅಲ್ಲಿ ವೀಸಾ ಕೊಡುವ ಕೆಲಸ ಪ್ರಾರಂಭವಾಗಲಿಲ್ಲ.

ಒಳಗೆ ನಡೆಯುವುದು ಎರಡು ಮೂರು ನಿಮಿಷಗಳ ಮಾತು. ದಪ್ಪ ಗಾಜಿನ ಆಚೆ ಅಧಿಕಾರಿ, ಈಚೆ ಅರ್ಜಿದಾರ. ಮಡಿಲ ತುಂಬ ಕಾಗದ ಪತ್ರಗಳಿದ್ದರೂ ಅಧಿಕಾರಿ ಅನೇಕ ವೇಳೆ ಒಂದನ್ನೂ ಕೇಳುವುದಿಲ್ಲ. ಪಾಸ್‌ಪೋರ್ಟನ್ನು ಆತ ತನ್ನ ಬಳಿ ಇಟ್ಟುಕೊಂಡರೆ ಸಾಮಾನ್ಯವಾಗಿ ಕೆಲಸವಾಯಿತೆಂದು ಅರ್ಥ; ಅದೇ ಪಾಸ್‌ಪೋರ್ಟು ಒಂದು ಅಚ್ಚಿನ ಕಾಗದದೊಡನೆ ಕಿಂಡಿಯಿಂದ ಮರಳಿ ಬಂದರೆ ಆಗಲಿಲ್ಲವೆಂದು ಅರ್ಥ. ಆ ಕಾಗದದಲ್ಲಿ ಬಹುಮಟ್ಟಿಗೆ ಕಾಣಿಸುವ ಅಂಕಿ ೨೧೪(ಬಿ).

ಈ ಅಂಕಿಯ ಇತಿಹಾಸವನ್ನು ತಿಳಿದರೆ ನೆಂಟರ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ೧೯೫೨ರಲ್ಲಿ ಅಧ್ಯಕ್ಷ ಟ್ರೂಮನ್ನರು ಒಪ್ಪಿಗೆ ನಿರಾಕರಿಸಿದರೂ ಅದನ್ನು ಮೀರಿ ಅಮೆರಿಕದ ಕಾಂಗ್ರೆಸ್ಸು ವಲಸೆ ಮತ್ತು ಪೌರತ್ವದ ಕಾಯಿದೆಯನ್ನು ಜಾರಿಗೆ ತಂದಿತು. ನ್ಯಾಯಾಲಯದಲ್ಲಿ ಅಪರಾಧ ರುಜುವಾತಾಗುವವರೆಗೆ ಆಪಾದಿತನನ್ನು ನಿರಪರಾಧಿಯೆಂದೇ ಎಣಿಸುವುದು ವಾಡಿಕೆಯಲ್ಲವೇ? ಈ ಕಾಯಿದೆಯ ೨೧೪(ಬಿ) ಪರಿಚ್ಛೇದದ ರೀತಿ ಅದಕ್ಕೆ ವಿರುದ್ಧ. ಪ್ರವಾಸಕ್ಕೆಂದೋ ಓದಿಗೆಂದೋ ವೀಸಾ ಕೇಳುವ ಪ್ರತಿಯೊಬ್ಬನೂ ಅಲ್ಲಿಯೇ ನೆಲಸಲು ಹೊರಟವನೆಂದು ಅದು ಮೊದಲೇ ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಭಾರ ಅರ್ಜಿದಾರನದು. ತನಗೆ ತನ್ನ ನಾಡಿನಲ್ಲಿ ಉದ್ಯೋಗವುಂಟು, ಮನೆಯುಂಟು, ಮರಳಿ ಬರಲೇಬೇಕಾದ ಬಾಳು ಉಂಟು ಎಂದು ಎರಡು ನಿಮಿಷದಲ್ಲಿ ಮನಗಾಣಿಸಬೇಕು. ಇಪ್ಪತ್ತೆರಡು ವರ್ಷದ ಹುಡುಗನಿಗೆ ಇನ್ನೂ ಉದ್ಯೋಗವೂ ಇಲ್ಲ, ಮನೆಯೂ ಇಲ್ಲ. ಅವನಿಗೆ ಇದು ಕಷ್ಟವಾಗುವುದು ಸಹಜ. ‘ಕೊಡಲಿಲ್ಲ’ ಎಂಬುದರ ಅರ್ಥ ಅವನು ಕಳ್ಳನೆಂದೂ ಅಲ್ಲ, ದಡ್ಡನೆಂದೂ ಅಲ್ಲ. ಅವನ ಮಾತಿನಿಂದ ಆ ದಿನ ಆ ಅಧಿಕಾರಿಗೆ ನಂಬಿಕೆ ಹುಟ್ಟಲಿಲ್ಲ, ಅಷ್ಟೇ.

೨೨೧(ಜಿ) ಎಂಬ ಇನ್ನೊಂದು ಅಂಕಿಯೂ ಉಂಟು. ಕಾಗದ ಪತ್ರ ಸಾಲದೆಂದೋ, ಇನ್ನಷ್ಟು ವಿಚಾರಣೆ ಬೇಕೆಂದೋ ಇದರ ಅಭಿಪ್ರಾಯ. ಕೇಳಿದ ಪತ್ರವನ್ನು ಒಂದು ವರ್ಷದೊಳಗೆ ಒದಗಿಸಿದರೆ ಹೊಸ ಶುಲ್ಕವಿಲ್ಲದೆ ಅದೇ ಅರ್ಜಿ ಮುಂದುವರಿಯುತ್ತದೆ. ೨೧೪(ಬಿ) ಆದವರಿಗೆ ಈ ಸೌಕರ್ಯವಿಲ್ಲ. ಅದರ ಮೇಲೆ ಅಪೀಲೂ ಇಲ್ಲ. ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಸಂದರ್ಶನ. ಪ್ರವಾಸಿ ಮತ್ತು ವಿದ್ಯಾರ್ಥಿ ವೀಸಾಗಳ ಈ ಶುಲ್ಕ ೨೦೨೩ರ ಜೂನಿನಲ್ಲಿ ೧೬೦ ಡಾಲರಿನಿಂದ ೧೮೫ಕ್ಕೆ ಏರಿತು. ವೀಸಾ ಸಿಕ್ಕದಿದ್ದರೆ ಅದು ಮರಳುವುದಿಲ್ಲ. ಇಷ್ಟು ದಿನ ಕಾದೇ ಮತ್ತೆ ಬರಬೇಕೆಂಬ ಕಟ್ಟಳೆ ಮಾತ್ರ ಇಲ್ಲ. ನಾಳೆಯೇ ಅರ್ಜಿ ಹಾಕಬಹುದು. ಆದರೆ ನಿನ್ನೆಯ ಸ್ಥಿತಿ ನಾಳೆಗೂ ಹಾಗೆಯೇ ಇದ್ದರೆ ಉತ್ತರ ಬೇರೆಯಾಗುವುದೆಂತು?

ಎಲ್ಲ ಅರ್ಜಿಗಳ ಒಂದು ಪ್ರಶ್ನೆ

ಎರಡನೆಯ ಸಲ ಹೊರಟವರ ನಿಜವಾದ ಪರೀಕ್ಷೆ ಗಾಜಿನ ಕಿಂಡಿಯ ಮುಂದೆ ಅಲ್ಲ, ಅದಕ್ಕೂ ಮುನ್ನ ಮನೆಯಲ್ಲಿ ಕುಳಿತು ಅರ್ಜಿ ತುಂಬುವಾಗಲೇ ನಡೆದುಹೋಗುತ್ತದೆ. ಡಿಎಸ್-೧೬೦ ಎಂಬ ಆ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ: ಈ ಮುಂಚೆ ಎಂದಾದರೂ ನಿಮಗೆ ಅಮೆರಿಕದ ವೀಸಾ ನಿರಾಕರಿಸಲಾಗಿದೆಯೇ? ಎದುರಿಗೆ ಹೌದು, ಇಲ್ಲ ಎಂಬ ಎರಡು ಚೌಕಗಳು. ಬೆರಳು ಅಲ್ಲಿ ತಡೆಯುತ್ತದೆ. ‘ಹೌದು ಎಂದರೆ ಮತ್ತೆ ತಿರಸ್ಕರಿಸುತ್ತಾರೆ, ಇಲ್ಲವೆಂದೇ ತುಂಬಿ’ ಎಂದು ಕಿವಿಯಲ್ಲಿ ಹೇಳುವ ದಲಾಲರೂ ಇದ್ದಾರೆ.

ಈ ಸಲಹೆಗಿಂತ ಕೆಟ್ಟ ಸಲಹೆ ಬೇರೊಂದಿಲ್ಲ. ಹಿಂದಿನ ಸಂದರ್ಶನದ ದಿನ, ಬೆರಳ ಗುರುತು, ನಿರಾಕರಣೆಯ ಅಂಕಿ ಎಲ್ಲವೂ ಅಧಿಕಾರಿಯ ಮುಂದಿನ ಯಂತ್ರದಲ್ಲಿ ಇರುತ್ತವೆ. ಪಾಸ್‌ಪೋರ್ಟು ಬದಲಾಯಿಸಿದರೂ ಬೆರಳು ಬದಲಾಗುವುದಿಲ್ಲ. ೨೧೪(ಬಿ) ನಿರಾಕರಣೆ ಅಂದಿನ ಮಟ್ಟಿಗಿನದು. ಆದರೆ ವೀಸಾ ಪಡೆಯಲೆಂದು ಬೇಕೆಂದೇ ಸುಳ್ಳು ಹೇಳಿದನೆಂದು ತೀರ್ಮಾನವಾದರೆ ಅದೇ ಕಾಯಿದೆಯ ಬೇರೊಂದು ಪರಿಚ್ಛೇದ ಆತನಿಗೆ ಜೀವಾವಧಿ ಬಾಗಿಲು ಮುಚ್ಚುತ್ತದೆ. ವಿಶೇಷ ವಿನಾಯಿತಿ ದೊರೆತರೆ ಮಾತ್ರ ತೆರೆಯುತ್ತದೆ. ಚಿಕ್ಕ ಗಾಯವನ್ನು ಮುಚ್ಚಿಡಲು ಹೋಗಿ ಕೈಯನ್ನೇ ಕಳೆದುಕೊಂಡಂತೆ ಇದು.

ಒಂದು ದೇಶದ ‘ಇಲ್ಲ’ ಆ ದೇಶದ ಗಡಿಯೊಳಗೇ ಉಳಿಯುವುದೂ ಇಲ್ಲ. ಕೆನಡಾ ಮತ್ತು ಬ್ರಿಟನ್ನಿನ ಅರ್ಜಿಗಳು ತಮ್ಮ ದೇಶದ ಜೊತೆಗೆ ಬೇರೆ ದೇಶಗಳ ನಿರಾಕರಣೆಯನ್ನೂ ಕೇಳುತ್ತವೆ. ಅಮೆರಿಕದಲ್ಲಿ ಓದಲು ಆಗದೆ ಕೆನಡಾದ ಕಡೆಗೆ ತಿರುಗಿದ ವಿದ್ಯಾರ್ಥಿ ಅಲ್ಲಿಯೂ ಆ ಹಳೆಯ ಕಥೆಯನ್ನು ಬರೆಯಲೇಬೇಕು.

ವೀಸಾ ಬೇಡದ ಭಾಗ್ಯಶಾಲಿಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಸುಮಾರು ನಲವತ್ತು ದೇಶಗಳ ಪ್ರಜೆಗಳು ಅಲ್ಪಕಾಲದ ಪ್ರವಾಸಕ್ಕೆ ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗಬಹುದು. ಆದರೆ ೨೦೦೯ರ ಜನವರಿಯಿಂದ ಅವರು ಹೊರಡುವ ಮುನ್ನ ‘ಎಸ್ಟಾ’ ಎಂಬ ಪ್ರಯಾಣ ಅನುಮತಿಯನ್ನು ಪಡೆದಿರಬೇಕು. ಭಾರತ ಆ ಪಟ್ಟಿಯಲ್ಲಿಲ್ಲ. ಬ್ರಿಟನ್, ಆಸ್ಟ್ರೇಲಿಯಗಳು ಇವೆ. ಬೆಂಗಳೂರಿನಲ್ಲಿದ್ದಾಗ ಅಮೆರಿಕದ ವೀಸಾ ಸಿಕ್ಕದೆ, ಬಳಿಕ ಲಂಡನ್ನಿಗೆ ಹೋಗಿ ನೆಲಸಿ, ಅಲ್ಲಿಯ ಪ್ರಜೆಯಾದ ಕನ್ನಡಿಗನೊಬ್ಬನನ್ನು ಊಹಿಸಿಕೊಳ್ಳಿ. ಹದಿನೈದು ವರ್ಷದ ಮೇಲೆ ಹೆಂಡತಿ ಮಕ್ಕಳೊಡನೆ ನ್ಯೂಯಾರ್ಕ್ ನೋಡಲು ಹೊರಟು ಎಸ್ಟಾ ಅರ್ಜಿ ತೆರೆದರೆ, ಅಲ್ಲಿಯೂ ಅದೇ ಪ್ರಶ್ನೆ. ಪೌರತ್ವ ಬದಲಾಯಿತೆಂದು ಹಳೆಯ ನಿರಾಕರಣೆ ಅಳಿಯಲಿಲ್ಲ. ಆತ ‘ಹೌದು’ ಎಂದೇ ಬರೆಯಬೇಕು. ಯಾವಾಗ, ಎಲ್ಲಿ ಎಂಬುದನ್ನೂ ತಿಳಿಸಬೇಕು. ಅನುಮತಿ ದೊರೆಯಬಹುದು, ದೊರೆಯದೆಯೂ ಇರಬಹುದು. ದೊರೆಯದಿದ್ದರೆ ಪ್ರಯಾಣ ಮುಗಿಯಿತೆಂದಲ್ಲ. ಕಾನ್ಸುಲೇಟಿಗೆ ಹೋಗಿ ವೀಸಾ ಕೇಳುವ ದಾರಿ ಉಳಿದಿರುತ್ತದೆ. ಆ ವೀಸಾ ಅರ್ಜಿಯಾದರೋ, ‘ಎಸ್ಟಾ ನಿರಾಕರಣೆಯಾಗಿದೆಯೇ?’ ಎಂದು ಕೇಳಲು ಮರೆಯುವುದಿಲ್ಲ! ಆದಕಾರಣ ಇಂತಹವರು ವಿಮಾನದ ಟಿಕೀಟಿಗೆ ಹಣ ಕಟ್ಟುವ ಮುನ್ನವೇ ಸಾಕಷ್ಟು ಕಾಲ ಉಳಿಸಿಕೊಂಡು ಅರ್ಜಿ ಹಾಕುವುದು ವಿವೇಕ.

ಏನು ಬದಲಾಗಬೇಕು?

ಹಾಗಾದರೆ ಎರಡನೆಯ ಸಲ ಒಯ್ಯಬೇಕಾದದ್ದು ಏನು? ಮೊದಲನೆಯದು ನಿಜ. ಎರಡನೆಯದು, ಮೊದಲ ನಿರಾಕರಣೆಯಿಂದ ಈಚೆಗೆ ಬಾಳಿನಲ್ಲಿ ಆದ ಬದಲಾವಣೆ. ವಿದ್ಯಾರ್ಥಿ ಒಂದು ವರ್ಷ ಕೆಲಸ ಮಾಡಿ, ತಾನು ಏಕೆ ಅದೇ ವಿಷಯವನ್ನು ಅದೇ ವಿಶ್ವವಿದ್ಯಾಲಯದಲ್ಲಿ ಓದಬೇಕೆಂಬುದನ್ನು ತನ್ನ ಮಾತಿನಲ್ಲಿ ಹೇಳಬಲ್ಲವನಾಗಿರಬಹುದು. ಓದಿಗೆ ಹಣ ಎಲ್ಲಿಂದ ಬರುತ್ತದೆಂಬುದು ಮೊದಲ ಸಲ ಮಸುಕಾಗಿದ್ದದ್ದು ಈಗ ಸ್ಪಷ್ಟವಾಗಿರಬಹುದು. ತಾಯಿ ತಾನು ಎಷ್ಟು ದಿನಕ್ಕೆ, ಯಾರ ಖರ್ಚಿನಲ್ಲಿ, ಏತಕ್ಕೆ ಹೋಗುತ್ತಾಳೆ, ಮನೆಯಲ್ಲಿ ಯಾರನ್ನು ಬಿಟ್ಟು ಹೋಗುತ್ತಾಳೆ ಎಂಬುದನ್ನು ತಡವರಿಸದೆ ಹೇಳಬಲ್ಲಳಾದರೆ ಅದು ಹತ್ತು ಕಾಗದಗಳಿಗಿಂತ ಮೇಲು. ಬಾಯಿಪಾಠ ಮಾಡಿಸಿದ ಉತ್ತರಗಳು ಗಾಜಿನಾಚೆಯವರಿಗೆ ಬೇಗ ತಿಳಿದುಹೋಗುತ್ತವೆ. ದಿನಕ್ಕೆ ನೂರಾರು ಮಂದಿಯ ಮಾತು ಕೇಳಿ ಪಳಗಿದ ಕಿವಿ ಅವರದು.

ಇಷ್ಟೆಲ್ಲ ಇದ್ದರೂ ‘ಇಲ್ಲ’ ಎಂಬ ಉತ್ತರ ಬಾರದೆಂಬ ಭರವಸೆಯನ್ನು ಯಾರೂ ಕೊಡಲಾರರು. ೨೦೨೩-೨೪ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ೩,೩೧,೬೦೨. ಬೇರೆ ಯಾವ ದೇಶದವರಿಗಿಂತಲೂ ಹೆಚ್ಚು. ಹೋದವರ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಕಿಂಡಿಯಿಂದ ಮರಳಿ ಬಂದ ಪಾಸ್‌ಪೋರ್ಟನ್ನು ಜೇಬಿಗೆ ಹಾಕಿಕೊಂಡು, ಹೊರಗೆ ಕಾದಿರುವ ತಂದೆಯ ಮುಖ ನೋಡಲಾರದೆ ನಿಂತವರ ಕಥೆ ಅವರವರ ಮನೆಯೊಳಗೇ ಉಳಿಯುತ್ತದೆ. ಅಂತಹ ಮನೆಗಳಲ್ಲಿ ಆ ದಿನ ಬೇಕಾದದ್ದು ಸಲಹೆಯಲ್ಲ, ಒಂದು ಹೊತ್ತಿನ ಊಟ ಮತ್ತು ಮೌನ. ಸಲಹೆಗೆ ಮಾರನೆಯ ದಿನವಿದೆ.

ಚಿಲ್ಕೂರಿನ ಪುರಾಣ ಹೇಳುವುದೂ ಬಹುಶಃ ಇದನ್ನೇ. ತಿರುಪತಿಗೆ ಹೋಗಲಾರದ ವರ್ಷ ಆ ಭಕ್ತನ ಭಕ್ತಿಯೇನೂ ಕುಂದಲಿಲ್ಲ. ಅವನು ಹೊರಡಲಿಲ್ಲವೆಂದು ದೇವರು ಅವನನ್ನು ಕೈಬಿಡಲಿಲ್ಲ. ದಾರಿ ನಿಂತ ಕಡೆಯೇ ಅವನಿಗೆ ಅಗೆಯಲು ನೆಲ ಸಿಕ್ಕಿತು. ಅಮೆರಿಕದ ವೀಸಾ ದೊರೆಯದೆ ಇಲ್ಲಿಯೇ ನಿಂತು, ಇಲ್ಲಿಯೇ ಓದಿ, ಬಾಳನ್ನು ನೇರ್ಪಡಿಸಿಕೊಂಡವರೂ ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ.

ಸಂಜೆಯಾದಂತೆ ಗಂಡಿಪೇಟೆಯ ನೀರಿನ ಮೇಲಿಂದ ತಂಗಾಳಿ ಬೀಸುತ್ತದೆ. ಅಂಗಳದ ಪ್ರವಾಹ ಮಾತ್ರ ನಿಲ್ಲುವುದಿಲ್ಲ. ೧೦೮ ಗೆರೆಗಳನ್ನು ಎಳೆದು ಮುಗಿಸಿದವರು ದಣಿದ ಕಾಲುಗಳನ್ನು ನೀವಿಕೊಳ್ಳುತ್ತ ಕುಳಿತಿರುತ್ತಾರೆ. ಅವರ ಪಕ್ಕದಲ್ಲಿಯೇ, ಹಿಂದೊಮ್ಮೆ ೧೧ ಸುತ್ತು ಹಾಕಿ ಹೋಗಿದ್ದವರು ಮತ್ತೆ ಮೊದಲನೆಯ ಗೆರೆ ಎಳೆಯುತ್ತಿರುತ್ತಾರೆ. ಇಲ್ಲಿ ಅವರನ್ನು ಯಾರೂ ತಡೆದು, ಈ ಮುಂಚೆ ನಿಮಗೆ ನಿರಾಕರಣೆಯಾಗಿದೆಯೇ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಇನ್ನೊಂದು ಬಾಗಿಲಿನಲ್ಲಿ ಅವರಿಗಾಗಿ ಕಾದಿದೆ. ಅಲ್ಲಿ ತಲೆಯೆತ್ತಿ ‘ಹೌದು’ ಎನ್ನುವಷ್ಟು ಧೈರ್ಯವನ್ನು ಈ ಹನ್ನೊಂದು ಸುತ್ತುಗಳು ಕೊಟ್ಟರೆ, ಅವರು ಇಲ್ಲಿಯವರೆಗೆ ನಡೆದು ಬಂದುದಕ್ಕೆ ಫಲ ದೊರೆತಂತೆಯೇ ಸರಿ.